ಸೊಪ್ಪಿನ ಶೆಡ್ಡಿನ ಹಲಗೆ ನೆಲ ಲಡ್ಡಾದರೆ

ನಮ್ಮ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರಿಗೆ ಬ್ಯಾರನ್ ಪಕ್ಕ ಒಂದು ಶೆಡ್ಡು ಬೇಕೇ ಬೇಕು. ಬೇಯಿಸಿದ ಸೊಪ್ಪು ಕಂಪಲಾಪುರದ ಹರಾಜಿಗೆ ಹೋಗುವ ತನಕ ಹಲಗೆ ಮೇಲೆ ಅಟ್ಟಿಯಾಗಿ ಕೂತಿರುತ್ತದೆ. ಹಲಗೆ ಲಡ್ಡಾಗಿ ತಂಪು ಹಿಡಿದರೆ ತಳದ ಸೊಪ್ಪಿಗೆ ಬೂಷ್ಟು ಬಂತೆಂದೇ ಲೆಕ್ಕ. ದರ ಅಲ್ಲೇ ಬಿತ್ತು.

ಕೊಳೆತ ಹಲಗೆ ಮೇಲೆ ಹೊಸ ಹಲಗೆ ಹೊಡೆಯುವವರು ಬಹಳ ಜನ. ಅದು ದುಡ್ಡು ದಂಡ. ಮರ ಕೊಳೆಸುವುದು ಒಂದು ಜಾತಿ ಶಿಲೀಂಧ್ರ. ಮರದಲ್ಲಿ ನೀರಿನಂಶ ನೂರಕ್ಕೆ 20ರ ಒಳಗಿದ್ದರೆ ಅದು ಬೆಳೆಯೋಲ್ಲ. ಆದ್ದರಿಂದ ನೀರು ಎಲ್ಲಿಂದ ಬರುತ್ತದೆ ಅಂತ ಮೊದಲು ನೋಡಬೇಕು.

ಉಳಿಯಿಂದ ತಿವಿದು ನೋಡಿ. ಬಾಗಿಲ ಹತ್ತಿರ, ಗೋಡೆಗೆ ತಾಗಿದ ತುದಿಗಳಲ್ಲಿ, ತೊಲೆಯ ಅಡಿಭಾಗದಲ್ಲಿ ಉಳಿ ಮೆತ್ತಗೆ ಇಳಿಯುತ್ತದೆ. ಮಣ್ಣಿನ ಗೂಡು ಕಂಡರೆ ಅದು ಗೆದ್ದಲು, ಅದರ ಮದ್ದೇ ಬೇರೆ.

ನಮ್ಮಪ್ಪ ಕಟ್ಟಿಸಿದ ಶೆಡ್ಡಿನ ಎರಡು ಅಂಕಣ ಬಿಚ್ಚಿದಾಗ ಹಲಗೆಗಿಂತ ತೊಲೆಗಳೇ ಹೆಚ್ಚು ಹಾಳಾಗಿದ್ದವು. ಹೆಗ್ಗಣ ತೋಡಿದ ಮಣ್ಣು ತೊಲೆಯವರೆಗೂ ತುಂಬಿತ್ತು, ಗಾಳಿಗೆ ದಾರಿಯೇ ಇರಲಿಲ್ಲ. ಮಣ್ಣನ್ನೆಲ್ಲ ಎತ್ತಿ ಒಂದು ಮೊಳ ಸಂದು ಬಿಡಿಸಿದೆ. ತೊಲೆಯನ್ನು ಕೊಳೆತ ಗುರುತಿನಿಂದ ಇನ್ನೊಂದು ಅಡಿ ಆಚೆಗೆ, ಗಟ್ಟಿ ಮರ ಸಿಗುವಲ್ಲಿ ಕುಯ್ಯಿಸಿದೆ. ಕಣ್ಣಿಗೆ ಚೆನ್ನಾಗಿ ಕಂಡರೂ ಒಳಗೆ ರೋಗ ಹರಡಿರುತ್ತದೆ. ಉಳಿದ ತೊಲೆಗೆ ಪಕ್ಕದಲ್ಲಿ ಹೊಸ ತುಂಡು ಇಟ್ಟು ಬೋಲ್ಟು ಹಾಕಿಸಿ, ಅಡಿಗೆ ಸೈಜುಗಲ್ಲು ಕೊಟ್ಟೆ. ಕಲ್ಲೂ ತಂಪು ಏರಿಸುತ್ತದೆ. ಅದಕ್ಕೇ ಕಲ್ಲಿಗೂ ಮರಕ್ಕೂ ನಡುವೆ ದಪ್ಪ ಪ್ಲಾಸ್ಟಿಕ್ ತುಂಡು. ಹಲಗೆ ತುದಿ ಗೋಡೆಗೆ ತಾಗದಂತೆ ಎರಡು ಬೆರಳು ಬಿಡಿಸಿದೆ. ಎದುರುಬದುರು ಗೋಡೆಯಲ್ಲಿ ನೆಲದ ಕೆಳಗೆ ಕಿಂಡಿ, ಹೆಗ್ಗಣ ನುಗ್ಗದಂತೆ ಜಾಲರಿ.

ಮರ ಯಾವುದು? ಜಾಲಿಯಾಗಲಿ ತೇಗವಾಗಲಿ ಚೇಗು ಇರಬೇಕು. ಬಿಳಿ ಮರ, ಸಿಲ್ವರ್ ಓಕ್ ತಂಪಿಗೆ ಬಾಳೋಲ್ಲ. ಹಳೇ ಎಂಜಿನ್ ಆಯಿಲ್ ಬಳಿಯಿರಿ ಅನ್ನುತ್ತಾರೆ. ಸೊಪ್ಪು ವಾಸನೆ ಹೀರುವ ವಸ್ತು, ನಾನಂತೂ ಬಳಿಯಲಿಲ್ಲ.

ಹೊರಗಡೆ ಸೂರು ಒಂದೂವರೆ ಅಡಿ ಮುಂದಕ್ಕೆ ತಂದು, ಸೂರಿನ ನೀರು ಬೀಳುವಲ್ಲಿ ಇಳಿಜಾರು ಕಾಲುವೆ ತೆಗೆಯಿರಿ. ಗೋಡೆಗೆ ಒರಗಿಸಿದ ಸೌದೆ ಕಿಂಡಿ ಮುಚ್ಚುತ್ತದೆ, ದೂರ ಪೇರಿಸಿ. ಗೊಬ್ಬರದ ಚೀಲ ಗಾಳಿಯ ನೀರನ್ನೂ ಎಳೆದು ಜಿನುಗುತ್ತದೆ. ಅದಕ್ಕೆ ಬೇರೆ ಮೂಲೆ ನೋಡಿ. ಮೇ ತಿಂಗಳ ಮೊದಲ ಜೋರು ಮಳೆಯ ಮಾರನೇ ದಿನ ಕಿಂಡಿಯಿಂದ ಬ್ಯಾಟರಿ ಬಿಟ್ಟು ನೋಡಿದರೆ, ನೀರು ನುಗ್ಗುವ ಜಾಗ ತಾನಾಗಿ ಕಾಣುತ್ತದೆ. ಸೊಪ್ಪು ಒಳಗೆ ಬರಲು ಆಗ ಇನ್ನೂ ಎರಡು ತಿಂಗಳಾದರೂ ಇರುತ್ತದೆ.