ಅಗ್ಗದ ಎಂಜಿಬಿ: ಕೊಳ್ಳುವ ಮುನ್ನ



ಬ್ರಿಟನ್ನಿನಲ್ಲಿ 1962ರಿಂದ 1980ರವರೆಗೆ ನಿರ್ಮಾಣವಾದ ಎಂಜಿಬಿ ಸ್ಪೋರ್ಟ್ಸ್ ಕಾರೊಂದು, ಬಹುಕಾಲ ಮಳೆಗಾಳಿಗೆ ಮೈಯೊಡ್ಡಿ ನಿಂತದ್ದು, ಅಲ್ಪಬೆಲೆಗೆ ದೊರೆಯುವುದೆಂದು ತಾವು ಹರ್ಷಿತರಾಗಿರುವುದು ಸಹಜವೇ. ಆದರೆ ಈ ವಾಹನಕ್ಕೆ ಪ್ರತ್ಯೇಕವಾದ ಚಾಸಿ ಇಲ್ಲದೆ ಒಡಲೇ ಸಮಸ್ತ ಭಾರವನ್ನೂ ಹೊರುವುದರಿಂದ, ಬಾಗಿಲುಗಳ ಕೆಳಗಿನ ಉಕ್ಕಿನ ಭಾಗವು ತುಕ್ಕು ಹಿಡಿದಿದ್ದರೆ ಕಾರಿನ ಬಲವೇ ಕುಂದಿರುತ್ತದೆಂಬುದನ್ನು ಮೊದಲು ಮನಗಾಣಬೇಕು. ಅಲ್ಲಿ ಅಯಸ್ಕಾಂತವನ್ನು ಹಿಡಿದು ನೋಡಿರಿ. ಅದು ಅಂಟದೆ ಜಾರಿದಲ್ಲಿ, ಹೊಳೆವ ಬಣ್ಣದಡಿ ಪುಟ್ಟಿ ಮೆತ್ತಲಾಗಿದೆಯೆಂದು ತಿಳಿಯಿರಿ. ಜಾಕಿಯಿಂದ ಎತ್ತಿದಾಗ ಬಾಗಿಲಿನ ಸಂದು ಬದಲಾದರೆ ಒಡಲು ಬಾಗುತ್ತಿದೆಯೆಂದೇ ಅರ್ಥ.

ಎಂಜಿನ್ನು ಸರಳವಾದುದು, ಬಿಡಿಭಾಗಗಳೂ ಸುಲಭಲಭ್ಯ. ಅದು ಕೆಟ್ಟಿದ್ದರೆ ಹಿಂಜರಿಯಬೇಕಾಗಿಲ್ಲ. ಒಡಲು ಶಿಥಿಲವಾಗಿದ್ದಲ್ಲಿ ಮಾತ್ರ, ಬೆಸುಗೆಯ ವೆಚ್ಚವು ಕಾರಿನ ಬೆಲೆಯನ್ನೇ ಮೀರೀತು. ಅಂಥದನ್ನು ತೊರೆದು, ಅಧಿಕ ಹಣ ತೆತ್ತಾದರೂ ದೃಢವಾದ ಒಡಲುಳ್ಳದ್ದನ್ನೇ ಕೊಳ್ಳುವುದು ಶ್ರೇಯಸ್ಕರ.