ಊರು ಕಾಯುವವನು

ಸಮಾಜದಲ್ಲಿ ಶಾಂತಿ ನೆಲೆಸಬೇಕಾದರೆ ಕಾನೂನು ಬೇಕು. ಕಾನೂನನ್ನು ಜನರ ಮನೆಬಾಗಿಲವರೆಗೆ ಕೊಂಡೊಯ್ಯುವ ಮನುಷ್ಯನೂ ಬೇಕು. ಅಂಥವನನ್ನು ಆರಿಸುವುದು ಹೇಗೆ? ಸಿದ್ಧಗೊಳಿಸುವುದು ಹೇಗೆ? ಸಿದ್ಧಗೊಳಿಸಿದ ಮೇಲೆ ಉಳಿಸಿಕೊಳ್ಳುವುದು ಹೇಗೆ? ಈ ಪ್ರಶ್ನೆಗಳನ್ನು ಇಂಗ್ಲೆಂಡಿನ ಗ್ರಾಮಾಂತರ ಪ್ರದೇಶಗಳು ಎದುರಿಸಿದ ಬಗೆಯನ್ನು ನಾವು ಅವಶ್ಯವಾಗಿ ತಿಳಿಯಬೇಕು.

ಆ ದೇಶದಲ್ಲಿ ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ವಿಭಾಗಕ್ಕೆ ‘ಕೌಂಟಿ’ ಎಂದು ಹೆಸರು. ಹಿಂದೆ ಅಲ್ಲಿನ ಹಳ್ಳಿಗಳಲ್ಲಿ ಸಂಬಳದ ಪೊಲೀಸರಿರಲಿಲ್ಲ. ನಮ್ಮಲ್ಲಿ ತಳವಾರಿಕೆ ವಂಶಪಾರಂಪರ್ಯವಾಗಿ ಬರುತ್ತಿದ್ದರೆ, ಅಲ್ಲಿ ಊರ ಗೃಹಸ್ಥರೇ ವರ್ಷಕ್ಕೊಬ್ಬರಂತೆ ಸರದಿಯ ಮೇಲೆ ಕಾನ್‌ಸ್ಟೇಬಲ್ ಆಗುತ್ತಿದ್ದರು. ಹೊಲ ಉಳುವವನು ತನ್ನ ಕಸುಬಿನ ನಡುವೆಯೇ ಕಳ್ಳನನ್ನೂ ಹಿಡಿಯಬೇಕಾಗಿತ್ತು. ಅನುಕೂಲವುಳ್ಳವರು ಹಣ ಕೊಟ್ಟು ಬೇರೊಬ್ಬನನ್ನು ನಿಲ್ಲಿಸಿ ಕೈತೊಳೆದುಕೊಳ್ಳುತ್ತಿದ್ದರು. ಇಂದು ನೆರೆಯವನನ್ನು ಬಂಧಿಸಿ, ನಾಳೆ ಅವನೊಡನೆಯೇ ಬಾಳಬೇಕಾದವನಿಗೆ ಧೈರ್ಯವೆಲ್ಲಿಂದ ಬಂದೀತು?

1829ರಲ್ಲಿ ರಾಬರ್ಟ್ ಪೀಲನು ಲಂಡನ್ನಿಗೆ ಸಂಬಳದ ಪೊಲೀಸ್ ಪಡೆಯೊಂದನ್ನು ಕಟ್ಟಿದನು. 1839ರ ಶಾಸನವು ಕೌಂಟಿಗಳಿಗೂ ಆ ಅವಕಾಶವನ್ನು ನೀಡಿತು. ಅದೇ ವರ್ಷ ಅದನ್ನು ಮೊದಲು ಬಳಸಿಕೊಂಡ ಕೀರ್ತಿ ವಿಲ್ಟ್‌ಷೈರ್ ಕೌಂಟಿಗೆ ಸಲ್ಲುತ್ತದೆ. ನೌಕಾಪಡೆಯ ಅಧಿಕಾರಿ ಸ್ಯಾಮ್ಯುಯೆಲ್ ಮೆರೆಡಿತ್ ಅಲ್ಲಿನ ಪಡೆಯ ಮುಖ್ಯಸ್ಥನಾದನು. ಸೇರಬಯಸುವವನು 40 ವರ್ಷದೊಳಗಿನವನಾಗಿರಬೇಕು; ಪಾದರಕ್ಷೆಯಿಲ್ಲದೆ 5 ಅಡಿ 7 ಅಂಗುಲ ಎತ್ತರವಿರಬೇಕು; ಓದುಬರಹ ಬಲ್ಲವನೂ ದೃಢಕಾಯನೂ ಪ್ರಾಮಾಣಿಕನೆಂದು ಹೆಸರಾದವನೂ ಆಗಿರಬೇಕು ಎಂದು ಸರ್ಕಾರವು ನಿಯಮ ಮಾಡಿತು. 1856ರಲ್ಲಿ ಪೊಲೀಸ್ ಪಡೆ ಎಲ್ಲ ಕೌಂಟಿಗಳಿಗೂ ಕಡ್ಡಾಯವಾಯಿತು.

ಸೇರಿದವರಲ್ಲಿ ಬಹುಮಂದಿ ಕೂಲಿಗಾರರು. ಸ್ವಲ್ಪ ಕವಾಯತು, ಸೂಚನೆಗಳ ಒಂದು ಪುಸ್ತಕ, ಅನುಭವಿಯೊಬ್ಬನ ಜೊತೆ ಗಸ್ತು, ಇಷ್ಟೇ ಅವರ ತರಬೇತಿ. ಬಂಧುಗಳ ದಾಕ್ಷಿಣ್ಯವು ಕರ್ತವ್ಯಕ್ಕೆ ಅಡ್ಡಬಾರದಿರಲೆಂದು ಹುಟ್ಟೂರಿನಲ್ಲಿ ಅವರನ್ನು ನೇಮಿಸುತ್ತಿರಲಿಲ್ಲ. ಮಳೆ ಚಳಿ ಎನ್ನದೆ ಮೈಲಿಗಟ್ಟಲೆ ಒಂಟಿಯಾಗಿ ನಡೆದು, ಗೊತ್ತಾದ ಸ್ಥಳದಲ್ಲಿ ಗೊತ್ತಾದ ಹೊತ್ತಿಗೆ ಮೇಲಧಿಕಾರಿಗೆ ಮುಖ ತೋರಿಸಬೇಕಾಗಿತ್ತು. ಮದುವೆಗೂ ಅನುಮತಿ ಬೇಕಿತ್ತು. ಪತ್ನಿ ಅಂಗಡಿ ಇಡುವಂತಿರಲಿಲ್ಲ. ಆದರೆ ಗಂಡ ಗಸ್ತಿಗೆ ಹೋದಾಗ, ಮನೆಬಾಗಿಲಿಗೆ ಬಂದವರ ದೂರು ಕೇಳುವವಳು ಸಂಬಳವಿಲ್ಲದ ಆ ಗೃಹಿಣಿಯೇ.

ಇಂಥ ಬಾಳಿಗೆ ಎಷ್ಟು ಜನ ಅಂಟಿಕೊಂಡಾರು? ಅನೇಕರು ಕುಡಿತದ ದೆಸೆಯಿಂದ ವಜಾ ಆದರು. ಅನೇಕರು ಬೇರೆಡೆ ಹೆಚ್ಚಿನ ಕೂಲಿ ಕಂಡು ತಾವಾಗಿಯೇ ಬಿಟ್ಟರು. ಬಿಟ್ಟುಹೋಗುವವನು ಸಮವಸ್ತ್ರವನ್ನು ಹಿಂದಿರುಗಿಸುತ್ತಿದ್ದನು. ಆದರೆ ಯಾವ ಕಾಲುದಾರಿ ಎಲ್ಲಿಗೆ ಸೇರುತ್ತದೆ, ಯಾವ ಮನೆಯಲ್ಲಿ ಕಲಹವಿದೆ, ಯಾವ ಹುಡುಗನು ದಾರಿ ತಪ್ಪುತ್ತಿದ್ದಾನೆ ಎಂಬ ಅರಿವು ಅವನೊಡನೆಯೇ ಹೋಗುತ್ತಿತ್ತು. ಹೊಸಬನಿಗೆ ಸಮವಸ್ತ್ರವನ್ನು ಒಂದು ದಿನದಲ್ಲಿ ಕೊಡಬಹುದು. ಆ ಅರಿವು ಬರಲು ವರ್ಷಗಳೇ ಬೇಕು.

ಆಡಳಿತಗಾರರಿಗೆ ಈ ಸತ್ಯವು ಮೆಲ್ಲಮೆಲ್ಲನೆ ಮನದಟ್ಟಾಯಿತು. 1890ರ ಶಾಸನವು 25 ವರ್ಷ ಸೇವೆ ಸಲ್ಲಿಸಿದವನಿಗೆ ನಿವೃತ್ತಿ ವೇತನವನ್ನು ಹಕ್ಕಾಗಿ ನೀಡಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಬೆಲೆಗಳೇರಿ ಸಂಬಳ ಸಾಲದಾದಾಗ, 1918 ಮತ್ತು 1919ರಲ್ಲಿ ನಗರದ ಪೊಲೀಸರು ಮುಷ್ಕರ ಹೂಡಿದರು. ಆಗ ಡೆಸ್‌ಬರೋ ಸಮಿತಿಯು ದೇಶಕ್ಕೆಲ್ಲ ಏಕರೂಪದ ಉತ್ತಮ ವೇತನವನ್ನು ಶಿಫಾರಸು ಮಾಡಿತು. ಹಳ್ಳಿಯ ಪೊಲೀಸನೂ ನಗರದವನಿಗೆ ಸಮನಾದನು. ಎರಡನೆಯ ಮಹಾಯುದ್ಧದ ಅನಂತರ ಪ್ರಾದೇಶಿಕ ತರಬೇತಿ ಕೇಂದ್ರಗಳು ತಲೆಯೆತ್ತಿದವು. 1970ರ ದಶಕದಲ್ಲಿ ಮತ್ತೆ ರಾಜೀನಾಮೆಗಳು ಹೆಚ್ಚಿದಾಗ, 1978ರಲ್ಲಿ ಎಡ್ಮಂಡ್-ಡೇವಿಸ್ ಸಮಿತಿಯು ಪುನಃ ವೇತನವನ್ನು ಏರಿಸಬೇಕೆಂದಿತು.

ಈ ನಡುವೆ, 1960ರ ದಶಕದಲ್ಲಿ, ಕಾರು ಮತ್ತು ರೇಡಿಯೊಗಳು ಬಂದವು. ದೂರದ ಹಳ್ಳಿಗೆ ಬೇಗ ತಲುಪುವುದು ಸಾಧ್ಯವಾಯಿತು; ಹಳ್ಳಿಯಲ್ಲಿಯೇ ವಾಸಿಸುವ ಪೊಲೀಸನು ಮಾತ್ರ ಕ್ರಮೇಣ ವಿರಳನಾದನು. ಬೇಗ ಬರುವವನು ಬೇರೆ, ಊರನ್ನು ಬಲ್ಲವನು ಬೇರೆ.

ನಮ್ಮ ನಾಡಿನ ಠಾಣೆಗಳಲ್ಲಿಯೂ ಒಬ್ಬೊಬ್ಬ ಪೊಲೀಸರಿಗೆ ಇಂತಿಷ್ಟು ಪ್ರದೇಶವೆಂದು ‘ಬೀಟ್’ ಹಂಚುವ ಪದ್ಧತಿಯಿದೆ. ಅದು ಫಲ ಕೊಡಬೇಕಾದರೆ ಆ ಊರುಗಳನ್ನು ಅರಿಯುವಷ್ಟು ಕಾಲ ಅವರು ಅಲ್ಲಿ ನೆಮ್ಮದಿಯಿಂದ ನಿಲ್ಲುವಂತಾಗಬೇಕು. ನಾವು ನಿಶ್ಚಿಂತೆಯಿಂದ ಮಲಗಲೆಂದು ಎಚ್ಚರವಾಗಿರುವವರಿಂದ ಪ್ರಾಮಾಣಿಕತೆಯನ್ನು ಬೇಡುವುದು ನ್ಯಾಯವೇ; ಅವರ ಮನೆಯ ಒಲೆಯೂ ತಪ್ಪದೆ ಉರಿಯುವಂತೆ ನೋಡಿಕೊಳ್ಳುವುದು ಸಮಾಜದ ಧರ್ಮ.

ಅಭ್ಯಾಸ

1. ಸರದಿಯ ಕಾನ್‌ಸ್ಟೇಬಲ್ ಪದ್ಧತಿಯ ದೋಷಗಳಾವುವು?
2. ಪೊಲೀಸನು ಕೆಲಸ ಬಿಟ್ಟುಹೋದರೆ ಊರಿಗೆ ಆಗುವ ನಷ್ಟವೇನು?
3. ‘ಬೇಗ ಬರುವವನು ಬೇರೆ, ಊರನ್ನು ಬಲ್ಲವನು ಬೇರೆ’: ಈ ಮಾತನ್ನು ವಿವರಿಸಿ.