ಹಸಿದು ಬಂದ ನಾಯಿಗೆ ಮೊದಲ ವಾರದ ಊಟ

ಪಾವಗಡದ ಸಹೋದರಿಗೆ: ಗುಳೆ ಹೋದ ಮನೆಯವರು ಬಿಟ್ಟುಹೋದ ನಾಯಿಯನ್ನು ಒಳಗೆ ಕರೆದುಕೊಂಡಿದ್ದೀರಿ, ನಿಮ್ಮ ಮನಸ್ಸು ದೊಡ್ಡದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಗಂತೂ ಬರ ಹೊಸದಲ್ಲ. ಅಂಥ ವರ್ಷ ದನಗಳಿಗೆ ಗೋಶಾಲೆಯಾದರೂ ತೆರೆಯುತ್ತದೆ, ನಾಯಿಯನ್ನು ಕೇಳುವವರಿಲ್ಲ. ಆದರೂ ಪಕ್ಕೆಲುಬು ಎಣಿಸುವಂತಾದ ಆ ಜೀವಕ್ಕೆ ಈಗಲೇ ಹೊಟ್ಟೆ ತುಂಬ ಮುದ್ದೆ, ಅನ್ನ ಹಾಕಬೇಡಿ. ಬಹುದಿನ ಹಸಿದ ದೇಹಕ್ಕೆ ಹಿಟ್ಟಿನಂಶ ಒಮ್ಮೆಲೇ ಬಿದ್ದರೆ ಇನ್ಸುಲಿನ್ ಏರಿ, ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಜೀವಕೋಶಗಳೊಳಗೆ ಸರಿದುಬಿಡುತ್ತವೆ, ಹೃದಯವೇ ನಿಲ್ಲಬಹುದು. 1945ರಲ್ಲಿ ನಾಜಿ ಶಿಬಿರಗಳಿಂದ ಬಿಡುಗಡೆಯಾದ ಮನುಷ್ಯರಲ್ಲೂ ಹಲವರು ಹೀಗೆ ಉಂಡ ಮೇಲೆ ಸತ್ತರು.

ಹಸಿದವರಿಗೆ ಅಳೆದು ಬಡಿಸುವುದು ಕ್ರೌರ್ಯವಲ್ಲವೇ ಎಂದು ಕೇಳಿದ್ದೀರಿ. ನಾಯಿ ತಟ್ಟೆ ನೆಕ್ಕುತ್ತ ನಿಮ್ಮ ಮುಖ ನೋಡುವಾಗ ಹಾಗನಿಸುವುದು ಸಹಜ. ಆದರೆ ಅದರ ಹಸಿವಿಗೆ ತನ್ನ ರಕ್ತದ ಸ್ಥಿತಿ ಗೊತ್ತಿಲ್ಲ. ಮೊದಲ ದಿನ ಅಗತ್ಯದ ಕಾಲು ಭಾಗವನ್ನು ನಾಲ್ಕಾರು ಸಲ ಹಂಚಿ ಕೊಡಿ: ಬೇಯಿಸಿದ ಮೊಟ್ಟೆ, ಮೂಳೆಯಿಲ್ಲದ ಕೋಳಿ. ನಾಲ್ಕೈದು ದಿನಗಳಲ್ಲಿ ಪೂರ್ತಿ ಊಟಕ್ಕೆ ಏರಿಸಿ. ನಡುವೆ ಓಲಾಟ, ಏದುಸಿರು ಕಂಡರೆ ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ. ಜಂತಿನ ಔಷಧ, ಉಣ್ಣೆಯ ಚಿಕಿತ್ಸೆ, ರೇಬೀಸ್ ಲಸಿಕೆ ಯಾವಾಗ ಎಂಬುದನ್ನು ವೈದ್ಯರೇ ಹೇಳಲಿ. ಕಚ್ಚಿದರೆ ಮಾತ್ರ ಕಾಯಬೇಡಿ. ಗಾಯವನ್ನು ಸೋಪುನೀರಲ್ಲಿ 15 ನಿಮಿಷ ತೊಳೆದು, ಅಂದೇ ನೀವು ಲಸಿಕೆ ಹಾಕಿಸಿಕೊಳ್ಳಿ.